ಕೆರೆ ಕಟ್ಟಿದವನೂ ಕೀವರ್ಡ್ ತುಂಬಿದವರೂ

ಚಿತ್ರದುರ್ಗದ ಚಂದ್ರವಳ್ಳಿಗೆ ಹೋದವರು ಭೈರವೇಶ್ವರ ಗುಡಿಯ ಹತ್ತಿರದ ಬಂಡೆ ನೋಡಿರುತ್ತೀರಿ. ಅದರ ಮೇಲಿರುವುದು ಕದಂಬ ಮಯೂರಶರ್ಮನ ಪ್ರಾಕೃತ ಶಾಸನ, ನಾಲ್ಕನೇ ಶತಮಾನದ್ದು. ಮುಖ್ಯ ವಿಷಯ ಒಂದು ಕೆರೆ. ಡಾ. ಎಂ.ಎಚ್. ಕೃಷ್ಣ ಅವರ ಓದಿನಲ್ಲಿ ಕೆರೆಯ ಜೊತೆಗೆ ರಾಜ ಗೆದ್ದವರ ಉದ್ದದ ಪಟ್ಟಿಯೂ ಇತ್ತು: ತ್ರೈಕೂಟ, ಆಭೀರ, ಪಲ್ಲವ, ಪಾರಿಯಾತ್ರಿಕ, ಶಕಸ್ಥಾನ, ಪುನ್ನಾಟ, ಮೌಖರಿ... ಆ ಭಾಗದ ಓದನ್ನು ನಂತರದ ವಿದ್ವಾಂಸರು ಪ್ರಶ್ನಿಸಿದರು. ಪಟ್ಟಿ ಅನುಮಾನಕ್ಕೆ ಬಿತ್ತು, ಕೆರೆ ಉಳಿಯಿತು!

ಸರ್ಚ್ ಇಂಜಿನ್‌ಗಳ ಚರಿತ್ರೆ ಓದುವಾಗ ನನಗೆ ಈ ಬಂಡೆ ನೆನಪಾಗುತ್ತದೆ. 1990ರ ದಶಕದ ಹುಡುಕುಯಂತ್ರಗಳು ಪುಟದ ಒಡೆಯ ಬರೆದುಕೊಂಡ ಕೀವರ್ಡುಗಳನ್ನು ನಂಬುತ್ತಿದ್ದವು. ಸರಿ, ಜನ ಸಂಬಂಧವಿಲ್ಲದ ಹೆಸರುಗಳನ್ನೆಲ್ಲ ತುಂಬಿದರು, ಬಿಳಿ ಪುಟದ ಮೇಲೆ ಬಿಳಿ ಅಕ್ಷರದಲ್ಲಿ ಬಚ್ಚಿಟ್ಟರು. 1998ರಲ್ಲಿ ಗೂಗಲ್ ಬಂದು ಕೊಂಡಿಗಳನ್ನು ಮತದಂತೆ ಎಣಿಸಿತು. ಆಗ ಮತ ಮಾರಾಟ ಶುರುವಾಯಿತು! 2006ರ ಫೆಬ್ರವರಿಯಲ್ಲಿ ಬಿಎಂಡಬ್ಲ್ಯೂ ಕಂಪನಿಯ ಜರ್ಮನ್ ತಾಣವನ್ನೇ ಗೂಗಲ್ ಕೆಲದಿನ ಪಟ್ಟಿಯಿಂದ ಹೊರಹಾಕಿತು. ಯಂತ್ರಕ್ಕೆ ಒಂದು ಪುಟ, ಮನುಷ್ಯರಿಗೆ ಇನ್ನೊಂದು ಪುಟ ತೋರಿಸಿದ್ದೇ ತಪ್ಪು. 2009ರಲ್ಲಿ ಕೀವರ್ಡ್ ಟ್ಯಾಗನ್ನು ರ್‍ಯಾಂಕಿಂಗಿಗೆ ಬಳಸುವುದೇ ಇಲ್ಲ ಎಂದಿತು. ಕೊಂಡಿ ಮಾರುವವರಿಗೆ ಪೆಟ್ಟು ಬಿದ್ದದ್ದು 2012ರ 'ಪೆಂಗ್ವಿನ್' ಬದಲಾವಣೆಯಿಂದ.

ಹಾಗಂತ ಎಸ್‌ಇಒ ಅಂದರೆ ಬರೀ ಮೋಸ ಅಲ್ಲ. ಹಳೆಯ ಎಎಸ್‌ಸಿಐಐ ಫಾಂಟುಗಳಲ್ಲಿದ್ದ ಕನ್ನಡ ಹುಡುಕುಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಅದನ್ನು ಯೂನಿಕೋಡಿಗೆ ತಂದಾಗ, ಇದ್ದದ್ದೇ ಬರಹ ಹುಡುಕುವವರ ಕೈಗೆ ಸಿಕ್ಕಿತು. ಸರಿಯಾದ ತಲೆಬರಹ, ಓದಲು ಬರುವ ವಿಳಾಸ, ಸಂಬಂಧವಿರುವ ಕಡೆಗೆ ಮಾತ್ರ ಕೊಂಡಿ - ಇವೆಲ್ಲ ನ್ಯಾಯದ ದಾರಿಯೇ.

ಅನ್ಯಾಯದ ದಾರಿಯ ಬಿಸಿ ನಮಗೂ ತಟ್ಟಿದೆ. 2021ರ ಜೂನ್‌ನಲ್ಲಿ ಭಾರತದ ಅತಿ ಕುರೂಪ ಭಾಷೆ ಯಾವುದು ಎಂದು ಕೇಳಿದರೆ ಗೂಗಲ್ ಕನ್ನಡ ಎಂದು ತೋರಿಸುತ್ತಿತ್ತು. ಉತ್ತರದ ಮೂಲ ಸಾಲದ ವಿಷಯದ ಯಾವುದೋ ಜಾಲತಾಣ! ಸಾಲಕ್ಕೂ ಭಾಷೆಗೂ ಏನು ಸಂಬಂಧ? ಯಾರೋ ಕೇಳಬಹುದಾದ ಪ್ರಶ್ನೆಗೆ ಏನೋ ಒಂದು ಉತ್ತರ ಬರೆದಿಟ್ಟು ಜನರನ್ನು ಎಳೆಯುವ ಆಟ ಅದು ಅಂತ ನನ್ನ ಅನಿಸಿಕೆ. ಕನ್ನಡಿಗರು ಸಿಟ್ಟಾದ ಮೇಲೆ ಗೂಗಲ್ ಅದನ್ನು ತೆಗೆದು ಕ್ಷಮೆ ಕೇಳಿತು.

ಆ ಪ್ರಶ್ನೆಗೆ ಉತ್ತರವೇ ಇಲ್ಲ ಎಂದು ಯಂತ್ರಕ್ಕೆ ತಿಳಿಯಲಿಲ್ಲ, ಬರೆದವರಿಗೆ ತಿಳಿಯಬೇಕಿತ್ತು. ಯಂತ್ರ ಯಾವ ಪುಟವನ್ನು ಮುಂದಿಟ್ಟರೂ ಅದರೊಳಗಿನ ಮಾತಿನ ಹೊಣೆ ಬರೆಯುವವರದೇ, ಅಂದರೆ ನಮ್ಮ ನಿಮ್ಮದೇ. ಮೊದಲು ಕೆರೆ ಇರಲಿ, ಹೆಸರಿನ ಪಟ್ಟಿ ಆಮೇಲೆ. ನೀವೇನಂತೀರಿ?