ಏದುಸಿರಿಗೆ ನಡಿಗೆಯೂ ಮದ್ದು

ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಿಡುವ ಹಿರಿಯರನ್ನು ನೀವು ಕಂಡೇ ಇರುತ್ತೀರಿ. ಆಯಾಸ ಮಾಡಿಕೊಳ್ಳದೆ ಸುಮ್ಮನೆ ಕುಳಿತಿರಿ ಎಂದು ನಾವು ಅವರಿಗೆ ಹೇಳುವುದುಂಟು. ಅಕ್ಕರೆಯ ಮಾತೇ ಸರಿ. ಒಂದು ಕಾಲಕ್ಕೆ ವೈದ್ಯರ ಮಾತೂ ಅದೇ ಆಗಿತ್ತು. ಆ ಮಾತು ಬದಲಾದ ಬಗೆಯನ್ನು ತಿಳಿಯುವುದು ಒಳ್ಳೆಯದು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಶ್ವಾಸಕೋಶದ ರೋಗವೆಂದರೆ ಮುಖ್ಯವಾಗಿ ಕ್ಷಯ. ಅದಕ್ಕೆ ಶುದ್ಧ ಗಾಳಿ, ಪುಷ್ಟಿಯ ಆಹಾರ, ವಿಶ್ರಾಂತಿ ಇವೇ ಔಷಧ. ಆದರೆ ಅಮೆರಿಕದ ಡೆನ್ವರ್ ನಗರದ ವೈದ್ಯ ಚಾರ್ಲ್ಸ್ ಡೆನಿಸನ್, ಇಂಥ ರೋಗಿಗಳಿಗೂ ವ್ಯಾಯಾಮ ಬೇಕೆಂದು 1895ರಲ್ಲಿಯೇ ಪುಸ್ತಕ ಬರೆದರು. ಮುಂದೆ ಇಂಗ್ಲೆಂಡಿನ ಫ್ರಿಮ್ಲಿ ಆರೋಗ್ಯಧಾಮದಲ್ಲಿ ಮಾರ್ಕಸ್ ಪ್ಯಾಟರ್ಸನ್ ಇದನ್ನು ಕ್ರಮವಾಗಿ ನಡೆಸಿದರು. ಜ್ವರವಿಲ್ಲದ ರೋಗಿ ಮೊದಲು ಸ್ವಲ್ಪ ದೂರ ನಡೆಯಬೇಕು; ದೂರ ಹೆಚ್ಚುತ್ತ ಹತ್ತು ಮೈಲಿ ಮುಟ್ಟಿದ ಮೇಲೆ ಮಣ್ಣಿನ ಬುಟ್ಟಿ ಹೊರಬೇಕು, ಬಳಿಕ ಸಲಿಕೆ, ಗುದ್ದಲಿ ಹಿಡಿಯಬೇಕು. ಜ್ವರ ಏರಿತೋ, ಕೆಲಸ ನಿಂತು ಮತ್ತೆ ಹಾಸಿಗೆ!

ಕ್ಷಯಕ್ಕೆ ಔಷಧಗಳು ದೊರೆತ ಮೇಲೆ ಆರೋಗ್ಯಧಾಮಗಳೊಡನೆ ಈ ಪಾಠವೂ ಮರೆಯಾಯಿತು. ಬೀಡಿ ಸಿಗರೇಟಿನ ಹೊಗೆ, ಸೌದೆ ಒಲೆಯ ಹೊಗೆ, ಕಾರ್ಖಾನೆಯ ದೂಳು ಇವುಗಳಿಂದ ಶ್ವಾಸನಾಳಗಳು ಕಿರಿದಾಗಿ ಬಳಲುವವರಿಗೆ ಮತ್ತೆ ವಿಶ್ರಾಂತಿಯೇ ವಿಧಿಯಾಯಿತು. 1952ರಲ್ಲಿ ನ್ಯೂಯಾರ್ಕಿನ ಆಲ್ವನ್ ಬರಾಕ್ ಇಂಥ ಇಬ್ಬರಿಗೆ ಆಮ್ಲಜನಕ ಕೊಡುತ್ತ ಹಂತಹಂತವಾಗಿ ನಡಿಗೆಯನ್ನು ಹೆಚ್ಚಿಸಿದರು. ಕೊನೆಗೆ ಆಮ್ಲಜನಕವಿಲ್ಲದೆಯೂ ಇಬ್ಬರ ನಡಿಗೆಯ ಶಕ್ತಿ ಹೆಚ್ಚಿತು. 1960ರ ದಶಕದಲ್ಲಿ ಡೆನ್ವರಿನ ಥಾಮಸ್ ಪೆಟ್ಟಿ ನಡಿಗೆ, ಉಸಿರಾಟದ ಅಭ್ಯಾಸ, ಆಮ್ಲಜನಕ, ರೋಗದ ತಿಳಿವಳಿಕೆ ಇವೆಲ್ಲವನ್ನೂ ಒಂದೇ ಕಾರ್ಯಕ್ರಮವಾಗಿ ಹೆಣೆದು, ಫಲಿತಾಂಶವನ್ನು 1969ರಲ್ಲಿ ಪ್ರಕಟಿಸಿದರು.

ಆದರೂ ಸಂಶಯ ತೀರಲಿಲ್ಲ. ಅಳೆದು ನೋಡಿದರೆ ಶ್ವಾಸಕೋಶ ಇದ್ದಂತೆಯೇ ಇದೆ. ಹಾಗಾದರೆ ರೋಗಿ ಹೆಚ್ಚು ನಡೆಯುವುದು ಹೇಗೆ? ಉತ್ತರವಿದ್ದುದು ಎದೆಯಲ್ಲಲ್ಲ, ಕಾಲಿನಲ್ಲಿ. ದಮ್ಮಿಗೆ ಹೆದರಿ ಕುಳಿತವನ ಕಾಲಿನ ಸ್ನಾಯುಗಳು ಸೊರಗುತ್ತವೆ. ಸೊರಗಿದ ಸ್ನಾಯು ಸ್ವಲ್ಪ ದುಡಿದರೂ ಲ್ಯಾಕ್ಟಿಕ್ ಆಮ್ಲ ಸೇರುತ್ತದೆ. ಅದನ್ನು ಸರಿದೂಗಿಸಲು ಉಸಿರು ಇನ್ನಷ್ಟು ಓಡಬೇಕು. ದಮ್ಮು ಹೆಚ್ಚಿತೆಂದು ಆತ ಮತ್ತೂ ಕೂರುತ್ತಾನೆ. ತಕ್ಕ ವ್ಯಾಯಾಮದಿಂದ ಅಷ್ಟೇ ಕೆಲಸಕ್ಕೆ ಈ ಆಮ್ಲವೂ ಉಸಿರಿನ ವೇಗವೂ ತಗ್ಗುವುದೆಂದು ಕ್ಯಾಲಿಫೋರ್ನಿಯದ ರಿಚರ್ಡ್ ಕಾಸಬೂರಿ ಮತ್ತು ಸಂಗಡಿಗರು 1991ರಲ್ಲಿ ತೋರಿಸಿದರು. 2015ರಲ್ಲಿ 65 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಏದುಸಿರು ಇಳಿದು ಬಾಳು ಹಗುರವಾಗುವುದು ಸ್ಪಷ್ಟವಾಯಿತು.

ಈಗ ಇದಕ್ಕೆ ಶ್ವಾಸಕೋಶ ಪುನಶ್ಚೇತನವೆಂದು ಹೆಸರು. ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ದಿನದಂತೆ ಆರರಿಂದ ಹನ್ನೆರಡು ವಾರ ನಡೆಯುತ್ತದೆ. ಆರು ನಿಮಿಷದಲ್ಲಿ ಎಷ್ಟು ದೂರ ನಡೆಯಬಲ್ಲಿರೆಂದು ಮೊದಲು ಅಳೆಯುತ್ತಾರೆ. ಬಳಿಕ ನಡಿಗೆ, ನಿಂತಲ್ಲೇ ತುಳಿಯುವ ಸೈಕಲ್ಲು, ತೋಳಿಗೆ ವ್ಯಾಯಾಮ, ತುಟಿ ಕಿರಿದುಮಾಡಿ ನಿಧಾನವಾಗಿ ಉಸಿರು ಬಿಡುವ ಅಭ್ಯಾಸ. ಔಷಧಕ್ಕೆ ಇದು ಬದಲಿಯಲ್ಲ, ಜೊತೆಗಾರ. ಯಾರಿಗೆ ಎಷ್ಟು ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಹೃದ್ರೋಗವಿದ್ದವರು ಇನ್ನೂ ಎಚ್ಚರವಾಗಿರಬೇಕು.

ಒಂದು ಮಾತು ನೆನಪಿರಲಿ. ಕೆಟ್ಟ ಶ್ವಾಸಕೋಶವನ್ನು ನಡಿಗೆ ಹೊಸದು ಮಾಡಲಾರದು. ಉಳಿದ ಉಸಿರಿನಲ್ಲಿ ಹೆಚ್ಚು ಬದುಕಲು ಕಲಿಸುತ್ತದೆ. ಅಭ್ಯಾಸ ಬಿಟ್ಟರೆ ಗಳಿಸಿದ ಬಲ ಕರಗುತ್ತದೆ. ಆದುದರಿಂದ ನಿಮ್ಮವರಿಗೆ ಕುರ್ಚಿ ತಂದಿಡುವುದರ ಜೊತೆಗೆ, ವೈದ್ಯರು ಒಪ್ಪಿದ ಮೇಲೆ, ಅವರೊಡನೆ ನಾಲ್ಕು ಹೆಜ್ಜೆ ನಡೆಯಿರಿ.