ವಾಯ್ಸ್ ಆಫ್ ದ ಫೇತ್‌ಫುಲ್

ಅಮೆರಿಕದ ಕ್ಯಾಥೊಲಿಕ್ ಶ್ರೀಸಾಮಾನ್ಯರು, ಅಂದರೆ ಗುರುದೀಕ್ಷೆ ಪಡೆಯದ ಭಕ್ತರು, 2002ರಲ್ಲಿ ಕಟ್ಟಿದ ಸಂಘಟನೆ. ಹೆಸರಿನ ಅರ್ಥ ‘ವಿಶ್ವಾಸಿಗಳ ದನಿ’. ಪಾದ್ರಿಗಳಿಂದ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗೆ ಆಸರೆಯಾಗುವುದು, ಪ್ರಾಮಾಣಿಕ ಗುರುಗಳ ಬೆನ್ನಿಗೆ ನಿಲ್ಲುವುದು, ಧರ್ಮಸಭೆಯ ಆಡಳಿತವನ್ನು ತಿದ್ದುವುದು ಇದರ ಮೂರು ಗುರಿಗಳು.

ಇಂಥ ದೂರುಗಳು ಆ ವರ್ಷ ಮೊದಲ ಸಲ ಕೇಳಿಬಂದವೇನಲ್ಲ. ಲೂಸಿಯಾನಾದ ಪಾದ್ರಿ ಗಿಲ್ಬರ್ಟ್ ಗೋತೆಯ ಪ್ರಕರಣ 1985ರಲ್ಲೇ ದೇಶದ ಗಮನ ಸೆಳೆದಿತ್ತು. ಆ ದಶಕದ ಕೊನೆಗೆ ಷಿಕಾಗೊದಲ್ಲಿ ಬಾರ್ಬರಾ ಬ್ಲೇನ್ ಸಂತ್ರಸ್ತರದೇ ಒಂದು ಬಳಗ ಕಟ್ಟಿದ್ದರು. ಆದರೆ ಭಾನುವಾರ ಚರ್ಚಿನ ಬಲಿಪೂಜೆಗೆ ತಪ್ಪದೆ ಬರುವ ಸಾಮಾನ್ಯ ಕುಟುಂಬಗಳು ಇದನ್ನು ತಮ್ಮ ಮನೆಯ ಸಂಕಟವೆಂದು ಭಾವಿಸಲು 2002ರವರೆಗೆ ಕಾಯಬೇಕಾಯಿತು. ಆ ತಡಕ್ಕೆ ಬೆಲೆ ತೆತ್ತವರು ಮಕ್ಕಳು.

2002ರ ಜನವರಿ 6ರಂದು ‘ಬಾಸ್ಟನ್ ಗ್ಲೋಬ್’ ಪತ್ರಿಕೆ ಜಾನ್ ಗೇಗನ್ ಎಂಬ ಪಾದ್ರಿಯ ಕಥೆಯನ್ನು ಹೊರಗೆಳೆಯಿತು. 130ಕ್ಕೂ ಹೆಚ್ಚು ಮಂದಿ ಅವನ ಮೇಲೆ ದೂರಿದ್ದರು. ಅವನ ನಡತೆ ತಿಳಿದಿದ್ದೂ ಬಾಸ್ಟನ್ ಮಹಾಧರ್ಮಪ್ರಾಂತ್ಯ ಅವನನ್ನು ಒಂದು ಧರ್ಮಕೇಂದ್ರದಿಂದ ಇನ್ನೊಂದಕ್ಕೆ ಕಳುಹಿಸುತ್ತ ಬಂದಿತ್ತು. ಕೆಲವೇ ವಾರಗಳಲ್ಲಿ ಬಾಸ್ಟನ್ ಬಳಿಯ ವೆಲ್ಸ್ಲಿಯಲ್ಲಿ, ಸಂತ ಯೊವಾನ್ನರ ಚರ್ಚಿನ ನೆಲಮಾಳಿಗೆಯಲ್ಲಿ ಕೆಲವು ಭಕ್ತರು ಒಟ್ಟುಗೂಡಿ ಮಾತಿಗೆ ಕುಳಿತರು. ಅಳು, ಸಿಟ್ಟು, ನಾಚಿಕೆ ಎಲ್ಲವೂ ಆ ಮಾತಿನಲ್ಲಿದ್ದವು. ಅಣುಯುದ್ಧದ ವಿರುದ್ಧ ದುಡಿದು 1985ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ವೈದ್ಯರ ಸಂಘಟನೆಯ ಸ್ಥಾಪಕರಲ್ಲೊಬ್ಬರಾದ ಹೃದ್ರೋಗ ತಜ್ಞ ಜೇಮ್ಸ್ ಮುಲ್ಲರ್ ಮೊದಲ ಅಧ್ಯಕ್ಷರಾದರು. ಜುಲೈ 20ರಂದು ಬಾಸ್ಟನ್‌ನಲ್ಲಿ ನಡೆದ ಸಮಾವೇಶಕ್ಕೆ 4,000ಕ್ಕೂ ಹೆಚ್ಚು ಜನ ಬಂದರು.

ಸಂಘಟನೆಯವರು ಕೈಯಲ್ಲಿ ಹಿಡಿದದ್ದು ಧರ್ಮಸಭೆಯದೇ ಕಾನೂನನ್ನು. 1983ರ ಧರ್ಮಸಂಹಿತೆಯ 212ನೇ ವಿಧಿ, ಸಭೆಯ ಹಿತದ ಬಗ್ಗೆ ತಮ್ಮ ಅಭಿಪ್ರಾಯವನ್ನು ಗುರುಹಿರಿಯರಿಗೆ ತಿಳಿಸುವ ಹಕ್ಕನ್ನು ಭಕ್ತರಿಗೆ ಕೊಡುತ್ತದೆ. ಕೆಲವೊಮ್ಮೆ ಅದು ಕರ್ತವ್ಯವೂ ಹೌದು ಎನ್ನುತ್ತದೆ. ಆದರೂ ಪೆಟ್ಟು ಬಿದ್ದದ್ದು ಹಣ ಮತ್ತು ಜಾಗದ ವಿಷಯದಲ್ಲಿ. ಬಾಸ್ಟನ್ ಮಹಾಧರ್ಮಾಧ್ಯಕ್ಷ ಕಾರ್ಡಿನಲ್ ಬರ್ನಾರ್ಡ್ ಲಾ ಅವರ ಕೈಗೆ ಕಾಣಿಕೆ ಕೊಡಲು ಮನಸ್ಸಾಗದವರಿಗಾಗಿ ಸಂಘಟನೆ ಬೇರೆ ನಿಧಿ ತೆರೆದಾಗ ಲಾ ಆ ಹಣವನ್ನು ಒಲ್ಲೆನೆಂದರು. ಹಲವು ಧರ್ಮಾಧ್ಯಕ್ಷರು ಸಂಘಟನೆಯವರು ಚರ್ಚಿನ ಆವರಣದಲ್ಲಿ ಸಭೆ ಸೇರಕೂಡದೆಂದರು. ಅಕ್ಟೋಬರ್‌ನಲ್ಲಿ ಲಾ ಕೂಡ ಅದರ ಹೊಸ ಶಾಖೆಗಳಿಗೆ ಬಾಗಿಲು ಮುಚ್ಚಿದರು. ಅಜ್ಜ ಅಜ್ಜಿಯರು ಕಾಸಿಗೆ ಕಾಸು ಕೂಡಿಸಿ ಕಟ್ಟಿಸಿದ ಚರ್ಚಿನಲ್ಲಿ ಮೊಮ್ಮಕ್ಕಳಿಗೆ ಒಂದು ಕೋಣೆ ಸಿಗದಂತಾದದ್ದು ಎಷ್ಟೋ ಸಾಧು ಭಕ್ತರನ್ನು ಹೋರಾಟಗಾರರನ್ನಾಗಿ ಮಾಡಿತು.

ಡಿಸೆಂಬರ್‌ನಲ್ಲಿ 58 ಗುರುಗಳು ಲಾ ಅವರ ರಾಜೀನಾಮೆ ಕೇಳಿ ಪತ್ರಕ್ಕೆ ಸಹಿ ಹಾಕಿದರು. ತಮ್ಮ ಮೇಲಧಿಕಾರಿಗೆ ವಿಧೇಯತೆಯ ಮಾತು ಕೊಟ್ಟವರು ಇವರು. ಆ ಸಹಿಯ ತೂಕ ಸಣ್ಣದಲ್ಲ. ಸಂಘಟನೆಯೂ ರಾಜೀನಾಮೆಯನ್ನೇ ಕೇಳಿತು. ಆ ತಿಂಗಳ 13ರಂದು ಲಾ ಹುದ್ದೆ ಬಿಟ್ಟರು. ಮರುವರ್ಷ ಮಹಾಧರ್ಮಪ್ರಾಂತ್ಯ 552 ಸಂತ್ರಸ್ತರಿಗೆ 8.5 ಕೋಟಿ ಡಾಲರ್ ಪರಿಹಾರ ಒಪ್ಪಿತು. 2004ರ ಜಾನ್ ಜೇ ಕಾಲೇಜಿನ ವರದಿ 1950ರಿಂದ 2002ರವರೆಗೆ ದೇಶದಾದ್ಯಂತ 4,392 ಗುರುಗಳ ಮೇಲೆ ಆರೋಪಗಳಿದ್ದವೆಂದು ಲೆಕ್ಕ ಕೊಟ್ಟಿತು.

ಭಕ್ತರ ಹೋರಾಟ ಅಲ್ಲಿಗೆ ಮುಗಿಯಲಿಲ್ಲ. ಅದೇ ವರ್ಷ ಬಾಸ್ಟನ್‌ನಲ್ಲಿ ಹಲವಾರು ಧರ್ಮಕೇಂದ್ರಗಳನ್ನು ಮುಚ್ಚುವ ಆದೇಶ ಬಂತು. ಭಕ್ತರ ಸಂಖ್ಯೆ, ಗುರುಗಳ ಕೊರತೆ, ಹಣಕಾಸು ಕಾರಣವೆಂದು ಮಹಾಧರ್ಮಪ್ರಾಂತ್ಯ ಹೇಳಿತು. ಹಗರಣದ ಸಾಲ ತಮ್ಮ ಚರ್ಚಿನ ಮೇಲೆ ಬಿತ್ತೆಂದು ಅನೇಕರು ನಂಬಿದರು. ಕಡಲತೀರದ ಸಿಚುಯೇಟ್ ಊರಿನ ಸಂತ ಕಬ್ರೀನಿ ಚರ್ಚಿನ ಬೀಗಗಳನ್ನು ಬದಲಿಸಿದಾಗ ಒಂದು ಬಾಗಿಲು ಮಾತ್ರ ತೆರೆದೇ ಉಳಿದಿತ್ತು. ಅದರಿಂದ ಒಳಹೊಕ್ಕ ಭಕ್ತರು ಪಾಳಿಯ ಪಟ್ಟಿ ಬರೆದುಕೊಂಡು ಹಗಲೂ ರಾತ್ರಿ ಅಲ್ಲೇ ಉಳಿದರು. 2016ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಅಲ್ಲೇ ಉಳಿಯಲು ಅವರು ಸಲ್ಲಿಸಿದ್ದ ಅರ್ಜಿಯನ್ನು ವಿಚಾರಣೆಗೆ ತೆಗೆದುಕೊಳ್ಳಲಿಲ್ಲ. 11 ವರ್ಷ ಕಾದ ಚರ್ಚಿನಿಂದ ಅವರು ಕೊನೆಯ ಪ್ರಾರ್ಥನೆ ಮುಗಿಸಿ ಹೊರಬಂದರು.

ಸಂಘಟನೆಯ ಸದಸ್ಯರ ತಲೆ ಈಗ ನರೆತಿದೆ, ಮೊದಲಿನ ಜನಸಂದಣಿ ಇಲ್ಲ. 2017ರಿಂದ ಅದು ಪ್ರತಿವರ್ಷ ಅಮೆರಿಕದ ಧರ್ಮಪ್ರಾಂತ್ಯಗಳ ಜಾಲತಾಣಗಳನ್ನು ಒಂದೊಂದಾಗಿ ತೆರೆದು, ಭಕ್ತರ ಕಾಣಿಕೆಯ ಲೆಕ್ಕ ಅಲ್ಲಿದೆಯೇ ಎಂದು ನೋಡಿ ಅಂಕ ಕೊಡುತ್ತಿದೆ.