ಯಾವ ರೈತ?

ಮೈಸೂರಿನಿಂದ ಹೊರಟ ಬಸ್ಸು ಕೊಪ್ಪ ದಾಟಿ ಕಾವೇರಿ ಸೇತುವೆ ಹತ್ತಿತೆಂದರೆ ನಮ್ಮ ಜಿಲ್ಲೆ ಮುಗಿಯಿತು. ಜಿಲ್ಲೆಯ ಜತೆಗೇ ನೆಲ ಇದ್ದವರ ಹೆಸರೂ ಬದಲಾಗುತ್ತದೆ. ಆಚೆ ದಡದ ಕಾಫಿ ತೋಟದವರು ಬೆಳೆಗಾರರು. ತೋಟದಾಳುಗಳ ಬಾಯಲ್ಲಿ ಸಾಹುಕಾರರು. ಈಚೆ ಪಿರಿಯಾಪಟ್ಟಣ, ಹುಣಸೂರು ಸೀಮೆಯಲ್ಲಿ ಎಲ್ಲರೂ ರೈತರೇ. ಎರಡು ಬ್ಯಾರನ್ ಇಟ್ಟುಕೊಂಡು ಹೊಗೆಸೊಪ್ಪು ಬೇಯಿಸುವವನೂ ರೈತ, ಲೈಸೆನ್ಸ್ ಇಲ್ಲದೆ ಪರದಾಡುವವನೂ ರೈತ, ಅರ್ಧ ಎಕರೆಗೆ ರಾಗಿ ಚೆಲ್ಲಿ ಉಳಿದ ದಿನ ಮುಯ್ಯಿಗೋ ಕೂಲಿಗೋ ಹೋಗುವವನೂ ರೈತ. ಸೊಪ್ಪು ಮುರಿದು ಕಡ್ಡಿಗೆ ಕಟ್ಟುವ ಹೆಂಗಸಿಗೆ ಮಾತ್ರ ಆ ಹೆಸರು ಸಿಕ್ಕಿಲ್ಲ. ಅವಳು ‘ಆಳು’. ಬಾರದ ದಿನವಷ್ಟೇ ಅವಳ ಸುದ್ದಿ ಬರುವುದು: ‘ಇವತ್ತು ಆಳು ಸಿಕ್ಕಲಿಲ್ಲ ಕಣಣ್ಣ.’

ಇಷ್ಟು ಜನರನ್ನು ಒಳಗೆ ಬಿಟ್ಟುಕೊಂಡು ಇವಳನ್ನು ಹೊರಗೆ ನಿಲ್ಲಿಸಿದ ‘ರೈತ’ ಎಂಬ ಈ ಮಾತು ಹುಟ್ಟಿದ್ದು ಅರಬ್ಬಿಯಲ್ಲಿ. ಅಲ್ಲಿ ಅದು ಕಾಯುವವನ ಕೈಕೆಳಗಿನ ಮಂದೆ. ಆಮೇಲೆ ದೊರೆಯ ಕೈಕೆಳಗಿನ ಪ್ರಜೆ. ಫಾರಸಿ ದಫ್ತರಗಳನ್ನು ಹಾದು ನಮ್ಮ ಕಡೆ ಬರುವಷ್ಟರಲ್ಲಿ ಕಂದಾಯ ಕಟ್ಟುವವನಾಗಿತ್ತು. ಥಾಮಸ್ ಮನ್ರೋನ ರೈತವಾರಿ ಪದ್ಧತಿ ಆ ಅರ್ಥಕ್ಕೆ ಸರ್ಕಾರಿ ಮೊಹರು ಒತ್ತಿತು. ಕನ್ನಡದಲ್ಲಿ ಒಕ್ಕಲು, ಆರಂಬಗಾರ, ಬೇಸಾಯಗಾರ ಎಲ್ಲ ಇದ್ದವು, ಇವೆ. ಆದರೆ ಗೆದ್ದದ್ದು ದಫ್ತರದ ಮಾತು. ದಫ್ತರಕ್ಕೆ ಬೇಕಾದದ್ದು ಖಾತೆ ಯಾರದು, ಕಂದಾಯ ಯಾರು ಕಟ್ಟುತ್ತಾರೆ ಎಂಬುದು. ನೇಗಿಲು ಹಿಡಿದ ಕೈ ಯಾರದೆಂದು ಅದು ಕೇಳಲಿಲ್ಲ.

ಆ ಪ್ರಶ್ನೆ ಕೇಳಿದವರು ಕಮ್ಯುನಿಸ್ಟರು. ಕೇಳಿದವರೇ ಅದರ ಉತ್ತರದ ಮೇಲೆ ಒಡೆದರು.

ಎದುರಿಗೆ ಜಮೀನುದಾರ ಇದ್ದಷ್ಟು ದಿನ ಮಾತು ಸಲೀಸು. 1941ರಲ್ಲಿ ಕಾಸರಗೋಡು ಸೀಮೆಯ ಕಯ್ಯೂರಿನಲ್ಲಿ ರೈತರು ಸಿಡಿದೆದ್ದಾಗ ಒಂದು ಕಡೆ ಜನ್ಮಿ, ಪೊಲೀಸು. ಇನ್ನೊಂದು ಕಡೆ ರೈತ ಸಂಘ. ನಾಲ್ವರನ್ನು 1943ರ ಮಾರ್ಚ್ 29ರಂದು ಗಲ್ಲಿಗೇರಿಸಿದರು. ನಿರಂಜನರ ‘ಚಿರಸ್ಮರಣೆ’ ಓದಿದ ಕನ್ನಡಿಗರಿಗೆ ಆ ಕತೆ ಗೊತ್ತು. ಅಲ್ಲಿ ‘ಯಾವ ರೈತ?’ ಎಂದು ಕೇಳುವ ಅಗತ್ಯ ಯಾರಿಗೂ ಬಿದ್ದಿರಲಾರದು. ಜನ್ಮಿ ಪಕ್ಕಕ್ಕೆ ಸರಿದ ಮೇಲೆ ತೊಡಕು ಶುರು.

1920ರಷ್ಟು ಹಿಂದೆಯೇ ಲೆನಿನ್ ಹಳ್ಳಿಯವರನ್ನು ಕೂಲಿಕಾರ, ಅರೆಕೂಲಿಕಾರ, ಸಣ್ಣ ರೈತ, ಮಧ್ಯಮ ರೈತ, ದೊಡ್ಡ ರೈತ ಎಂದು ಬಿಡಿಸಿಟ್ಟಿದ್ದ. ನಮ್ಮಲ್ಲಿ 1964ರಲ್ಲಿ ಪಕ್ಷ ಇಬ್ಭಾಗವಾದಾಗ ಚೀನಾ ಯುದ್ಧ, ಮಾಸ್ಕೋ–ಪೀಕಿಂಗ್ ಜಗಳ ಎಲ್ಲ ಇತ್ತು, ಸರಿ. ಒಳಗಿನ ಪ್ರಶ್ನೆ ಬೇರೆ: ಕ್ರಾಂತಿಗೆ ಯಾರನ್ನು ಜತೆಗೆ ಕರೆದುಕೊಳ್ಳಬೇಕು? ಸಿಪಿಐ ‘ರಾಷ್ಟ್ರೀಯ ಪ್ರಜಾಸತ್ತಾತ್ಮಕ ರಂಗ’ ಅಂದಿತು. ಅದರಲ್ಲಿ ದೇಶೀ ಬಂಡವಾಳಗಾರನಿಗೂ ಜಾಗವಿತ್ತು. ಸಿಪಿಎಂ ‘ಜನತಾ ಪ್ರಜಾಸತ್ತಾತ್ಮಕ ರಂಗ’ ಅಂದಿತು. ಮುಂದಾಳುತನ ಕಾರ್ಮಿಕ ವರ್ಗದ್ದೇ ಆಗಬೇಕು. ಅದರ ಕಾರ್ಯಕ್ರಮದಲ್ಲಿ ಕೃಷಿ ಕೂಲಿಕಾರರು, ಬಡ ರೈತರು ಮೂಲ ಮಿತ್ರರು. ಮಧ್ಯಮ ರೈತರು ನೆಚ್ಚಬಹುದಾದ ಮಿತ್ರರು. ಶ್ರೀಮಂತ ರೈತರು ಓಲಾಡುವವರು, ಆದರೂ ಒಟ್ಟಿನಲ್ಲಿ ಜತೆಗೆ ತರಬಹುದಾದವರು. ಮದುವೆ ಊಟಕ್ಕೆ ಯಾರಿಗೆ ಯಾವ ಪಂಕ್ತಿ ಎಂದು ಗೊತ್ತು ಮಾಡಿದ ಹಾಗೆ. ಮೂರು ವರ್ಷಕ್ಕೆ ನಕ್ಸಲ್‌ಬಾರಿಯವರು ಪಂಕ್ತಿಯನ್ನೇ ಎತ್ತಿಹಾಕಿದರು: ಇದು ಅರೆ ಊಳಿಗಮಾನ್ಯ ದೇಶ, ಬಡ ರೈತನ ಕೈಗೆ ಬಂದೂಕು ಬರಬೇಕು.

ನನ್ನ ತಕರಾರು ಈ ವಿಶೇಷಣಗಳ ಮೇಲೆ. ಲೆಕ್ಕ ತಪ್ಪಿತ್ತು ಅಂತಲ್ಲ. ಹೆಚ್ಚಿನ ಕಡೆ ಸರಿಯಾಗೇ ಇತ್ತು. ಆದರೆ ‘ನಾನು ಮಧ್ಯಮ ರೈತ’ ಎಂದು ಹೇಳಿಕೊಂಡ ಒಬ್ಬನನ್ನು ಈ ಸೀಮೆಯ ಯಾವ ಅರಳಿಕಟ್ಟೆಯ ಮೇಲೂ ತೋರಿಸಿ ನೋಡೋಣ. ಬಡ ರೈತ ಎಂದು ಸೊಸೈಟಿಯ ಅರ್ಜಿಯಲ್ಲಿ ಬರೆದಾನು, ಮಗಳ ಮದುವೆ ಮಾತುಕತೆಯಲ್ಲಿ ಹೇಳಿಕೊಳ್ಳುವುದಿಲ್ಲ. ಶ್ರೀಮಂತ ರೈತ ಅನ್ನುವುದಂತೂ ಯಾವಾಗಲೂ ಪಕ್ಕದ ಊರಿನವನು.

ಈ ನಡುವೆ ಈ ಲೆಕ್ಕಕ್ಕೆ ದೊಡ್ಡ ಪೆಟ್ಟು ಕೊಟ್ಟವರು ಆಗಿನ ಮುಖ್ಯಮಂತ್ರಿ, ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿಯಲ್ಲಿ ಗೇಣಿ ರದ್ದಾಯಿತು, ನ್ಯಾಯಮಂಡಳಿಗಳು ಕುಳಿತವು, ಉಳುತ್ತಿದ್ದ ಗೇಣಿದಾರ ಖಾತೆದಾರನಾದ. ಹೆಚ್ಚು ಫಲ ಸಿಕ್ಕಿದ್ದು ಗೇಣಿ ಹೆಚ್ಚಿದ್ದ ಕರಾವಳಿ, ಮಲೆನಾಡಿನಲ್ಲಿ. ಅರಸರ ಸ್ವಂತ ಸೀಮೆಯಲ್ಲಿ ಅಷ್ಟಿಲ್ಲ. ಆಗ ಸಿಪಿಐ ಇಂದಿರಾ ಕಾಂಗ್ರೆಸ್ಸಿನ ಜತೆಗಿತ್ತು, ತುರ್ತುಪರಿಸ್ಥಿತಿಯನ್ನೂ ಒಪ್ಪಿತು. ಸಿಪಿಎಂ ಎದುರು ನಿಂತಿತು. ಆಳುವ ಪಕ್ಷದ ಮೂಲಕ ನೆಲ ಬಂದರೆ ಅದನ್ನು ಕ್ರಾಂತಿಯ ಮೆಟ್ಟಿಲು ಅನ್ನಬೇಕೋ, ಕ್ರಾಂತಿಗೆ ಹಾಕಿದ ಅಡ್ಡಗಟ್ಟೆ ಅನ್ನಬೇಕೋ? ವಾದ ನಡೆಯುತ್ತಿದ್ದ ಹೊತ್ತಿಗೆ ಹೊಸ ಖಾತೆದಾರನಿಗೆ ಗೊಬ್ಬರದ ಬೆಲೆ, ಬ್ಯಾಂಕಿನ ನೋಟಿಸು, ಬೆಳೆಗೆ ದರ ಇವೇ ಚಿಂತೆಗಳಾಗಿದ್ದವು. ಪಕ್ಷದವರು ಮಿತ್ರ ಎಂದು ಬರೆದಿಟ್ಟುಕೊಂಡವನ ಶತ್ರುವೇ ಬದಲಾಗಿದ್ದ.

1980ರ ಜುಲೈನಲ್ಲಿ ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗುಂಡು ಹಾರಿತು. ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರು ವಿಶೇಷಣಗಳನ್ನೆಲ್ಲ ಕಿತ್ತೆಸೆದರು. ರೈತ ಅಂದರೆ ರೈತ, ಅಷ್ಟೇ. ಎದುರಾಳಿ ನಗರ, ಸರ್ಕಾರ, ಆಮೇಲೆ ಬಹುರಾಷ್ಟ್ರೀಯ ಕಂಪನಿ. ಹೆಗಲಿಗೆ ಹಸಿರು ಟವಲು ಬಂತು, ಅಪ್ಪಣೆಯಿಲ್ಲದೆ ಅಧಿಕಾರಿಗಳು ಊರೊಳಗೆ ಬರಕೂಡದೆಂಬ ಬೋರ್ಡು ಬಂತು, ಜಪ್ತಿ ಮಾಡಿದ್ದನ್ನು ವಾಪಸು ತರುವ ಮರುಜಪ್ತಿ ಬಂತು. ಕೆಂಬಾವುಟದ ಪ್ರಾಂತ ರೈತ ಸಂಘ ದಶಕಗಳಲ್ಲಿ ಮುಟ್ಟಲಾಗದ ಊರುಗಳನ್ನು ಹಸಿರು ಟವಲು ಕೆಲವೇ ವರ್ಷಗಳಲ್ಲಿ ಮುಟ್ಟಿತು. ಇದು ಶ್ರೀಮಂತ ರೈತರ ಚಳವಳಿ ಎಂದು ಎಡಪಕ್ಷದವರು ಟೀಕಿಸಿದರು. ಆ ಟೀಕೆಯಲ್ಲಿ ಹುರುಳಿತ್ತು: ಬೆಳೆಗೆ ದರ ಕೇಳುವ ದನಿಯಲ್ಲಿ ಕೂಲಿ ದರದ ಮಾತು ಸಣ್ಣಗಾಗುತ್ತದೆ, ದಲಿತ ಕೇರಿಯ ಮಾತು ಇನ್ನೂ ಸಣ್ಣಗಾಗುತ್ತದೆ. ಆದರೆ ಟೀಕಿಸಿದವರ ಮನೆಯಲ್ಲೂ ಎರಡು ಒಲೆಯಿತ್ತು. ಒಂದೇ ಕೆಂಬಾವುಟದ ಕೆಳಗೆ ರೈತ ಸಂಘ ಬೇರೆ, ಕೃಷಿ ಕೂಲಿಕಾರರ ಸಂಘ ಬೇರೆ. ಕೂಲಿ ಹೆಚ್ಚಿಸಿ ಎಂದು ಎರಡನೆಯದು ಹೊರಟರೆ, ಕೂಲಿ ಕೊಡಬೇಕಾದವನು ಮೊದಲನೆಯದರ ಸದಸ್ಯ. ‘ಮೈತ್ರಿ’ ಎಂಬ ಮಾತಿನ ಬೆಲೆ ಗೊತ್ತಾಗುತ್ತಿದ್ದದ್ದು ಅಲ್ಲಿ, ದೆಹಲಿಯ ಮಹಾಧಿವೇಶನದಲ್ಲಲ್ಲ.

ಬಂದೂಕಿನ ದಾರಿಯ ಕತೆ ಇನ್ನೊಂದು ಕೊಪ್ಪದ ಕಡೆಯದು, ಮಲೆನಾಡಿನದು. (ನಮ್ಮ ಕೊಪ್ಪವನ್ನು ಅದೆಂದುಕೊಂಡು ಗಾಬರಿಯಾದ ನೆಂಟರು ಹಲವರಿಗೆ ಇದ್ದಾರೆ.) ಮೈಸೂರಿನಲ್ಲಿ ಓದಿದ, ಕರ್ನಾಟಕದ ಚರಿತ್ರೆಯನ್ನು ವರ್ಗಗಳ ಕಣ್ಣಿನಿಂದ ಬರೆದ ಸಾಕೇತ್ ರಾಜನ್ 2005ರ ಫೆಬ್ರವರಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲಿ ಪೊಲೀಸರ ಗುಂಡಿಗೆ ಸತ್ತರು. ಆಮೇಲೆ ಅವರ ನಕ್ಸಲ್ ಗುಂಪೂ ಒಡೆಯಿತು: ಕಾಡಿನಲ್ಲಿ ನೆಲೆ ಕಟ್ಟಬೇಕೆ, ಬಯಲಿನ ಜನರ ನಡುವೆ ಇರಬೇಕೆ? ಸಿರಿಮನೆ ನಾಗರಾಜ್, ನೂರ್ ಶ್ರೀಧರ್ 2014ರ ಡಿಸೆಂಬರಿನಲ್ಲಿ ಮುಖ್ಯವಾಹಿನಿಗೆ ಬಂದರು. 2025ರ ಜನವರಿಯಲ್ಲಿ ಆರು ಮಂದಿ ಮುಖ್ಯಮಂತ್ರಿಯ ಮುಂದೆ ಶರಣಾದರು. ಬೆರಳೆಣಿಕೆಯ ಜನರಿದ್ದ ಕಡೆಯೂ ಕೊನೆಗೆ ಒಡೆದದ್ದು ಅದೇ ಪ್ರಶ್ನೆಯ ಮೇಲೆ: ಜತೆಗೆ ಬರುವವರು ಯಾರು?

2020ರಲ್ಲಿ ಭೂಸುಧಾರಣೆ ಕಾಯ್ದೆಯನ್ನು ತಿದ್ದಿ ಯಾರು ಬೇಕಾದರೂ ಕೃಷಿ ಜಮೀನು ಕೊಳ್ಳಬಹುದೆಂದು ಮಾಡಿದಾಗ ಹಸಿರು, ಕೆಂಪು, ದಲಿತ ಸಂಘಟನೆಗಳ ನೀಲಿ ಮೂರೂ ಬೆಂಗಳೂರಿನಲ್ಲಿ ಒಂದೇ ಬೀದಿಗಿಳಿದವು. ಎದುರಿಗೆ ದೊಡ್ಡವನೊಬ್ಬ ಕಂಡರೆ ‘ರೈತ’ ಮತ್ತೆ ವಿಶೇಷಣವಿಲ್ಲದ ಮಾತಾಗುತ್ತದೆ.

ಸರ್ಕಾರದ ನಿಘಂಟು ಇನ್ನೂ ತಮಾಷೆಯದು. 2007ರ ರಾಷ್ಟ್ರೀಯ ರೈತ ನೀತಿಯ ವ್ಯಾಖ್ಯೆಯಲ್ಲಿ ಗೇಣಿಗೆ ಮಾಡುವವನೂ, ನೆಲವಿಲ್ಲದ ಕೂಲಿಯೂ ರೈತರೇ. ಯಾವ ಕಮ್ಯುನಿಸ್ಟ್ ಪಕ್ಷವೂ ಅಷ್ಟು ಧಾರಾಳವಾಗಿ ಬರೆದಿರಲಿಲ್ಲ. 2019ರಲ್ಲಿ ವರ್ಷಕ್ಕೆ 6000 ರೂಪಾಯಿ ಕೊಡುವ ಕಿಸಾನ್ ಸಮ್ಮಾನ್ ಬಂದಾಗ ಮಾತ್ರ ಪಹಣಿ ಇದ್ದವನಷ್ಟೇ ರೈತ. ಇನ್ನೊಬ್ಬರ ಎರಡೆಕರೆಯನ್ನು ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಮಾಡುವವನು ಪಿರಿಯಾಪಟ್ಟಣದ ಕಚೇರಿಗೆ ಹೋಗಿ ಬೆಳೆ ಹಾಳಾಯಿತೆಂದರೆ ಪರಿಹಾರ ಜಮಾ ಆಗುವುದು ಪಹಣಿಯ ಹೆಸರಿಗೆ. ವಾರದ ಕರಾರಿಗೆ ಕಾಗದವಿಲ್ಲ, ಇರುವಂತೆಯೂ ಇಲ್ಲ: 1974ರಲ್ಲೇ ಗೇಣಿ ರದ್ದಾಗಿದೆಯಲ್ಲ.